ಡಾಕ್ಟರಮ್ಮನ ಅಂಚೆ: ಆ ಹದಿನೈದು ದಿನ ಎಲ್ಲಿಗೆ ಹೋಗಲಿ?

ಈ ಸಲ ಬಂದ ಪತ್ರಗಳಲ್ಲಿ ಎಂಬಿಬಿಎಸ್ ಓದುವ ಮಕ್ಕಳದ್ದು, ಅವರ ಮನೆಯವರದ್ದೇ ಜಾಸ್ತಿ. ಹಾಗಾಗಿ ಮಂಡಿನೋವು, ಥೈರಾಯ್ಡ್ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ನಾಳೆ ನಿಮ್ಮ ಮಂಡಿ ನೋಡುವವರು ಇದೇ ಮಕ್ಕಳು.

ಪ್ರಶ್ನೆ: ಮೇಡಂ, ನಾನು ತುಮಕೂರಿನಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ಊರು ಗುಬ್ಬಿ ಹತ್ತಿರ. ಈ ಪರೀಕ್ಷೆ ಮುಗಿದ ಮೇಲೆ ಇಲೆಕ್ಟಿವ್ ಪೋಸ್ಟಿಂಗ್ ಇದೆ, ಅಂದರೆ ಎಲ್ಲಿ ಏನು ಕಲಿಯಬೇಕು ಅಂತ ನಾವೇ ಆರಿಸಿಕೊಳ್ಳುವ ದಿನಗಳು. ಗೆಳತಿಯರೆಲ್ಲ ದೊಡ್ಡ ಆಸ್ಪತ್ರೆ, ಹೃದಯ ವಿಭಾಗ, ಐಸಿಯು ಅಂತಿದ್ದಾರೆ. ನನಗೆ ಹಳ್ಳಿ ಕಡೆ ಹೋಗುವ ಆಸೆ. ಆದರೆ ‘ಅಲ್ಲಿ ಕಲಿಯೋಕೆ ಏನಿದೆ?’ ಅಂತ ಎಲ್ಲರೂ ಕೇಳುತ್ತಾರೆ. ಏನು ಹೇಳಲಿ?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಮಗಳೇ, ಮೊದಲು ನಿಯಮ ಏನಿದೆ ನೋಡೋಣ. 2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾದಾಗ ಇಲೆಕ್ಟಿವ್ ಬಂತು. ಆಗ ಅದಕ್ಕೆ ಎರಡು ತಿಂಗಳು ಕೊಟ್ಟಿದ್ದರು. 2023ರ ನಿಯಮದಲ್ಲಿ ಒಂದು ತಿಂಗಳಾಗಿದೆ, 15 ದಿನದ ಎರಡು ಭಾಗ. ಮೊದಲ ಭಾಗ ಲ್ಯಾಬ್, ಸಂಶೋಧನೆ ಕಡೆಯದು. ಎರಡನೆಯದು ರೋಗಿಗಳ ಕಡೆಯದು. ಅದನ್ನು ಆಸ್ಪತ್ರೆಯ ಯಾವುದಾದರೂ ವಿಭಾಗದಲ್ಲಿ ಮಾಡಬಹುದು, ಇಲ್ಲವೇ ಹಳ್ಳಿಯದೋ ಪಟ್ಟಣದ್ದೋ ಒಂದು ಸಮುದಾಯ ಕ್ಲಿನಿಕ್ಕಿನಲ್ಲಿ ಮೇಲ್ವಿಚಾರಕರ ಕೈಕೆಳಗೆ ಮಾಡಬಹುದು. ಅಂದರೆ ನಿನ್ನ ಆಸೆಗೆ ನಿಯಮದಲ್ಲೇ ಜಾಗ ಇದೆ, ಯಾರನ್ನೂ ಬೇಡಿಕೊಳ್ಳಬೇಕಾಗಿಲ್ಲ. ಶೇ 75 ಹಾಜರಿ ಇರಲಿ, ಲಾಗ್‌ಬುಕ್ ಅಂದಂದೇ ಬರೆದುಬಿಡು. ಅವೆರಡೂ ಇಲ್ಲದಿದ್ದರೆ ಫೈನಲ್ ಪರೀಕ್ಷೆಗೆ ಕೂರಿಸುವುದಿಲ್ಲ.

ಈಗ ‘ಅಲ್ಲಿ ಕಲಿಯೋಕೆ ಏನಿದೆ’ ಅನ್ನುವ ಮಾತು. ಇದನ್ನು ಬೇರೆ ಯಾವ ಊರಿನವರಾದರೂ ಕೇಳಲಿ, ತುಮಕೂರಿನವರು ಕೇಳಬಾರದು. ಇಡೀ ದೇಶಕ್ಕೆ ಟಿಬಿ ಪಾಠ ಹೇಳಿಕೊಟ್ಟ ಹಳ್ಳಿಗಳು ನಮ್ಮ ಜಿಲ್ಲೆಯವು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. ಅದಾದ ಸ್ವಲ್ಪ ದಿನಕ್ಕೇ ಅಲ್ಲಿನವರು ತುಮಕೂರು ಜಿಲ್ಲೆಯಲ್ಲಿ ಸರ್ವೆ ಮಾಡಿದರು. ಅದರ ಬೆನ್ನಿಗೇ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅನ್ನುವ ಇಬ್ಬರು ಇಲ್ಲಿನ 34 ಹಳ್ಳಿಗಳಲ್ಲಿ, ಪಟ್ಟಣದ ನಾಲ್ಕು ಭಾಗಗಳಲ್ಲಿ ಟಿಬಿ ಇದ್ದವರ ಮನೆಗೇ ಹೋಗಿ ಮಾತಾಡಿಸಿದರು. ನಿಮಗೆ ಏನಾಗುತ್ತಿದೆ, ಯಾವಾಗಿಂದ, ಎಲ್ಲಿಗೆ ತೋರಿಸಿದಿರಿ ಅಂತ ಕೇಳಿದರು.

ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಅಂತ ಆಗ ಡಾಕ್ಟರುಗಳು ನಂಬಿದ್ದರು. ಈ ಮನೆಗಳಲ್ಲಿ ಕಂಡಿದ್ದೇ ಬೇರೆ. ಹೆಚ್ಚುಕಡಿಮೆ ಎಲ್ಲರಿಗೂ ತಮಗೇನೋ ಆಗಿದೆ ಅಂತ ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೂ ಹೋಗಿ ಬಂದಿದ್ದರು. ಕೆಮ್ಮು ಅಂದವರಿಗೆ ಕೆಮ್ಮಿನ ಔಷಧಿ ಬಾಟಲಿ ಕೊಟ್ಟು ಕಳಿಸಿದ್ದರು. ಕಫ ಪರೀಕ್ಷೆ ಮಾಡಿರಲಿಲ್ಲ. ಈ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಟಿಬಿಗೆ ಬೇರೆಯೇ ದೊಡ್ಡ ಆಸ್ಪತ್ರೆ ಕಟ್ಟಿಕೊಂಡು ಕಾಯುವ ಬದಲು, ಜನ ಎಲ್ಲಿಗೆ ಬರುತ್ತಾರೋ ಆ ಮಾಮೂಲಿ ಆಸ್ಪತ್ರೆಯಲ್ಲೇ ಕಫ ನೋಡಿ ಔಷಧಿ ಕೊಡಬೇಕು ಅನ್ನುವ ದಾರಿಗೆ ಬಲ ಬಂದದ್ದು ಇಂಥ ಕೆಲಸದಿಂದ. ಮನೆ ಬಾಗಿಲಿಗೆ ಹೋಗಿ ಕೇಳಿದ್ದಕ್ಕೇ ಈ ಸತ್ಯ ಹೊರಗೆ ಬಂತು, ಅಲ್ವಾ? ಆಸ್ಪತ್ರೆಯ ಕುರ್ಚಿಯಲ್ಲಿ ಕೂತಿದ್ದವರಿಗೆ ಅದು ಕಾಣುತ್ತಿರಲಿಲ್ಲ.

ಐಸಿಯುಗೆ ಹೋಗಬೇಡ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಐಸಿಯುನಲ್ಲಿ ಕಲಿಯೋಕೆ ಬೇಕಾದಷ್ಟಿದೆ. ಆದರೆ ಜಾಗ ಆರಿಸುವಾಗ ಒಂದು ಪ್ರಶ್ನೆ ಕೇಳಿಕೋ: ಈ 15 ದಿನದಲ್ಲಿ ನಾನು ಒಬ್ಬ ರೋಗಿಯನ್ನು ಎರಡನೇ ಸಲ, ಮೂರನೇ ಸಲ ನೋಡುತ್ತೇನಾ? ರೌಂಡ್ಸಿನಲ್ಲಿ ಹತ್ತು ಜನರ ಹಿಂದೆ ನಿಂತು, ಹಾಸಿಗೆಯ ಮೇಲಿರುವವರ ಮುಖವೂ ಕಾಣದೆ ಬರುವುದಾದರೆ ಅದು ಯಾವ ದೊಡ್ಡ ಆಸ್ಪತ್ರೆಯಾದರೂ ಪ್ರಯೋಜನವಿಲ್ಲ. ಓಪಿಡಿಯಲ್ಲಿ ನೋಡಿದ ಮನುಷ್ಯನನ್ನು ಮೂರನೇ ದಿನ ಅವನ ಮನೆಯಲ್ಲಿ ನೋಡು, ಹತ್ತನೇ ದಿನ ಮತ್ತೆ ನೋಡು. ಆಗ ಕಲಿಯುತ್ತೀಯ.

ಟಿಬಿಯನ್ನೇ ಹಿಡಿದುಕೋ. ನಾಲ್ಕು ಔಷಧಿ ಎರಡು ತಿಂಗಳು, ಮೂರು ಔಷಧಿ ನಾಲ್ಕು ತಿಂಗಳು, ಎಷ್ಟು ಮಾತ್ರೆ ಅನ್ನುವುದು ತೂಕದ ಮೇಲೆ. ಇದೆಲ್ಲ ನಿನಗೆ ಬಾಯಿಪಾಠ ಆಗಿರುತ್ತೆ. ಈಗ ಅಡಿಕೆ ಸುಲಿಯೋಕೆ ಹೋಗುವ ಹೆಂಗಸಿನ ಮನೆಗೆ ಹೋಗು. ಅವರು ನಸುಕಿಗೇ ಎದ್ದು ಹೊರಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಟೆಂಪೋ ಹತ್ತಿದರೆ ದಾರಿಯಲ್ಲೇ ವಾಂತಿ. ಎರಡು ದಿನ ಹಾಗಾದರೆ ಮೂರನೇ ದಿನ ಮಾತ್ರೆ ಬಿಡುತ್ತಾರೆ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದ್ದು ನೋಡಿ ರಕ್ತವೇ ಹೋಗುತ್ತಿದೆ ಅಂತ ಹೆದರಿಕೊಳ್ಳುವವರೂ ಇದ್ದಾರೆ. ಅದು ರಿಫಾಂಪಿಸಿನ್ ಅನ್ನುವ ಟಿಬಿ ಔಷಧಿಯ ಬಣ್ಣ, ಏನೂ ಆಗಲ್ಲ ಅಂತ ಮೊದಲ ದಿನವೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾತ್ರೆಯ ಪಟ್ಟಿ ಎಲ್ಲಿಟ್ಟಿದ್ದೀರಿ ಅಂತ ಕೇಳು. ಎದ್ದು ಹೋಗಿ ತಂದು ತೋರಿಸಿದಾಗ ಎಷ್ಟು ಗುಳಿ ಖಾಲಿ ಆಗಿದೆ ನೋಡು. ಸೊಸೆಗೆ ಕಾಣದ ಹಾಗೆ ಬಟ್ಟೆ ಗಂಟಿನೊಳಗೆ ಇಟ್ಟಿದ್ದರೆ ಅದಕ್ಕೂ ಒಂದು ಕಾರಣ ಇರುತ್ತೆ. ಪೌಷ್ಟಿಕ ಆಹಾರಕ್ಕೆ ಸರ್ಕಾರ ತಿಂಗಳಿಗೆ ಕೊಡುವ ಹಣ 2018ರಲ್ಲಿ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ಅದು ಅವರ ಖಾತೆಗೆ ಬಂತಾ ಕೇಳು. ಬಂದಿಲ್ಲ ಅಂದರೆ ಯಾಕೆ ಬಂದಿಲ್ಲ ಅಂತ ಟಿಬಿ ಸೂಪರ್‌ವೈಸರ್ ಜೊತೆ ಕೂತು ಹುಡುಕು. ಆಧಾರ್ ಜೋಡಣೆ ಆಗದ ಒಂದು ಬ್ಯಾಂಕ್ ಖಾತೆ ಕೂಡ ಚಿಕಿತ್ಸೆ ಕೆಡಿಸಬಹುದು ಅಂತ ಅಲ್ಲಿ ತಿಳಿಯುತ್ತೆ.

ಮೊದಲ 15 ದಿನವನ್ನೂ ಎರಡನೆಯದನ್ನೂ ಒಂದೇ ದಾರಕ್ಕೆ ಪೋಣಿಸೋಕೆ ಆಗುತ್ತಾ ಅಂತ ನಿಮ್ಮ ಕಾಲೇಜಿನಲ್ಲಿ ಕೇಳು. ಪಾವಗಡವನ್ನು ನೆನಪಿಸಿಕೋ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವಷ್ಟು ಫ್ಲೋರೈಡ್ ಇರುವ ಕಥೆ ಎಲ್ಲರಿಗೂ ಗೊತ್ತು. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಅಂತ ಭಾರತೀಯ ಮಾನಕ. ಮೊದಲ ಭಾಗದಲ್ಲಿ ಲ್ಯಾಬಿನಲ್ಲಿ ಫ್ಲೋರೈಡ್ ಅಳೆಯುವುದನ್ನು ಕೈಯಾರೆ ಕಲಿ. ಎರಡನೇ ಭಾಗದಲ್ಲಿ ಆ ನೀರು ಕುಡಿದವರ ಹತ್ತಿರ ಹೋಗು. ಶಾಲೆಯಲ್ಲಿ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಮಚ್ಚೆ, ಕಂದು ಗೆರೆ ಕಾಣುತ್ತೆ. ದೊಡ್ಡವರಿಗೆ ನೆಲದ ಮೇಲೆ ಒಂದು ನಾಣ್ಯ ಇಟ್ಟು, ಮಂಡಿ ಬಗ್ಗಿಸದೆ ಎತ್ತಿಕೊಳ್ಳಿ ಅನ್ನು. ಬೆನ್ನು ಬಿಗಿದವರಿಗೆ ಆಗುವುದಿಲ್ಲ. ಗದ್ದ ಎದೆಗೆ ತಾಗಿಸಿ ಅನ್ನು. ಎರಡೂ ಕೈ ತಲೆಯ ಹಿಂದೆ ಮಡಚಿ ಅನ್ನು. ಯಂತ್ರ ಬೇಡ, ಕರೆಂಟು ಬೇಡ, ಮೂರೇ ನಿಮಿಷದ ಪರೀಕ್ಷೆ.

ಆಮೇಲೆ ಅಡುಗೆಮನೆಗೆ ಬಾ. ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದಿಟ್ಟಿರುತ್ತಾರೆ. ಸಾರಿಗೆ, ಮುದ್ದೆಗೆ, ಕಾಫಿಗೆ ಮಾತ್ರ ನಲ್ಲಿಯಲ್ಲಿ ಬರುವ ಬೋರ್ ನೀರೇ. ಕುದಿಸಿದರೆ ಎಲ್ಲ ಹೋಗುತ್ತೆ ಅಂತ ನಂಬಿರುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತೆ. ಇದನ್ನು ಆ ಅಡುಗೆಮನೆಯಲ್ಲೇ ನಿಂತು ಹೇಳಿದರೆ ಆ ತಾಯಿ ಮರೆಯುವುದಿಲ್ಲ, ನೀನೂ ಮರೆಯುವುದಿಲ್ಲ.

ಪ್ರಶ್ನೆ: ನಾನು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು. ಮಗಳು ಎಂಬಿಬಿಎಸ್ ಕೊನೆಯ ವರ್ಷಕ್ಕೆ ಬಂದಿದ್ದಾಳೆ. ಹಳ್ಳಿ ಆಸ್ಪತ್ರೆಗೆ ಹೋಗುತ್ತೇನೆ ಅಂತಾಳೆ. ಪಿಜಿ ಪರೀಕ್ಷೆಗೆ ಓದುವ ಹೊತ್ತಿನಲ್ಲಿ ಇದು ಬೇಕಾ? ಹೆಣ್ಣುಮಗು, ಅಲ್ಲಿ ಉಳಿಯುವುದು ಹೇಗೆ?
– ಒಬ್ಬ ತಂದೆ, ತಿಪಟೂರು

ಉತ್ತರ: ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಅದು ನ್ಯಾಯವಾದ ಪ್ರಶ್ನೆ. ಭಯ ಇಟ್ಟುಕೊಂಡು ಸುಮ್ನೆ ‘ಬೇಡ’ ಅನ್ನಬೇಡಿ, ಭಯ ಇದ್ದರೂ ಏನೂ ಕೇಳದೆ ಒಪ್ಪಿಕೊಳ್ಳಲೂ ಬೇಡಿ. ಕಾಲೇಜಿನವರನ್ನು ಕೇಳಿ. ಅಲ್ಲಿ ಇವಳ ಜವಾಬ್ದಾರಿ ಯಾವ ಡಾಕ್ಟರದ್ದು? ಅವರ ಹೆಸರು, ಫೋನ್ ನಂಬರ್ ಬರೆದು ಕೊಡುತ್ತಾರಾ? ಜೊತೆಗೆ ಇನ್ನೊಬ್ಬ ವಿದ್ಯಾರ್ಥಿನಿ ಇರುತ್ತಾಳಾ? ಉಳಿಯುವ ಕೋಣೆಗೆ ಒಳಗಿನಿಂದ ಚಿಲಕ ಇದೆಯಾ, ಶೌಚಾಲಯ ಎಲ್ಲಿದೆ, ರಾತ್ರಿ ಹೆರಿಗೆ ಕೇಸು ಬಂದರೆ ಕ್ವಾರ್ಟರ್ಸಿನಿಂದ ವಾರ್ಡಿಗೆ ಯಾರ ಜೊತೆ ನಡೆದು ಬರಬೇಕು? ಇದನ್ನೆಲ್ಲ ಕೇಳುವುದು ಅತಿ ಅಲ್ಲ. ಉತ್ತರ ಸರಿ ಬರದಿದ್ದರೆ, ದಿನಾ ಹೋಗಿಬರುವಷ್ಟು ದೂರದ ಜಾಗ ಆರಿಸಲಿ. ತಿಪಟೂರು, ಗುಬ್ಬಿ, ತುಮಕೂರು ಒಂದೇ ರೈಲು ದಾರಿಯಲ್ಲಿವೆ.

ಪಿಜಿ ವಿಷಯ. ಈ ದಿನಗಳು ಪಠ್ಯಕ್ರಮದ ಒಳಗಿನವು. ಹೇಗೂ ಎಲ್ಲೋ ಒಂದು ಕಡೆ ಹಾಜರಿ ಹಾಕಲೇಬೇಕು. ಹಳ್ಳಿ ಬಿಟ್ಟರೆ ಮನೆಯಲ್ಲಿ ಕೂತು ಓದಬಹುದು ಅನ್ನುವ ಲೆಕ್ಕ ತಪ್ಪು. ಹಿಂದೆ ಕಡಿಮೆ ಬಿದ್ದ ಹಾಜರಿಯನ್ನು ಈ ಸಮಯದಲ್ಲಿ ತುಂಬಿಸುವಂತಿಲ್ಲ ಅಂತಲೂ ನಿಯಮ ಹೇಳುತ್ತೆ. ಮಗಳಿಗೆ ಮನಸ್ಸಿದೆ ಅಂದರೆ ಕಳಿಸಿಕೊಡಿ. ಮನಸ್ಸಿಲ್ಲದ ಮಕ್ಕಳನ್ನು ದೂಡಿ ಕಳಿಸುವವರಿಗೆ ನಾನು ಈ ಮಾತು ಹೇಳುವುದಿಲ್ಲ.

ಪ್ರಶ್ನೆ: ಅಮ್ಮ, ನಾನು ಆಶಾ ಕಾರ್ಯಕರ್ತೆ. ನಮ್ಮ ಹಳ್ಳಿಗೆ ಕಾಲೇಜಿನ ಬಸ್ಸಿನಲ್ಲಿ ಡಾಕ್ಟರ್ ಮಕ್ಕಳು ಬರುತ್ತಾರೆ. ಮನೆಮನೆಗೆ ಹೋಗಿ ಆದಾಯ ಎಷ್ಟು, ಶೌಚಾಲಯ ಇದೆಯಾ ಅಂತ ಬರೆದುಕೊಳ್ಳುತ್ತಾರೆ. ಬಿಪಿ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ಮತ್ತೆ ಬೇರೆಯವರು ಬಂದು ಅದನ್ನೇ ಕೇಳುತ್ತಾರೆ. ಜನ ನನ್ನನ್ನು ಬೈಯುತ್ತಾರೆ. ಏನು ಮಾಡಲಿ?
– ಮಧುಗಿರಿ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿ ಸಂಕಟ ಆಯಿತು ತಾಯಿ. ಎಂಬಿಬಿಎಸ್ ಮಕ್ಕಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ನೋಡಿಕೊಳ್ಳಬೇಕು ಅನ್ನುವ ಕಾರ್ಯಕ್ರಮ ಈಗಿದೆ. ಅದರ ಅರ್ಥವೇ ಅದೇ ಮಕ್ಕಳು ಅದೇ ಮನೆಗೆ ಮತ್ತೆ ಮತ್ತೆ ಬರಬೇಕು ಅಂತ. ಬೇರೆಬೇರೆಯವರು ಬಂದು ಅದೇ ಫಾರಂ ತುಂಬಿದರೆ ಅದು ದತ್ತು ಅಲ್ಲ, ಬರೀ ಲೆಕ್ಕ ಒಪ್ಪಿಸುವುದು.

ನಿಮ್ಮ ಪಿಎಚ್‌ಸಿ ಡಾಕ್ಟರ ಮೂಲಕ ಕಾಲೇಜಿಗೆ ಹೀಗೆ ಹೇಳಿಕಳಿಸಿ. ಯಾವ ಮನೆಗೆ ಯಾವ ವಿದ್ಯಾರ್ಥಿ ಅಂತ ಹೆಸರು ಬರೆದು ಪಟ್ಟಿ ಕೊಡಲಿ. ಹನ್ನೊಂದು ಗಂಟೆಗೆ ಬರಬೇಡಿ, ಆಗ ಮನೆಯಲ್ಲಿ ವಯಸ್ಸಾದವರು ಬಿಟ್ಟರೆ ಯಾರೂ ಇರುವುದಿಲ್ಲ. ಬೆಳಿಗ್ಗೆ ಎಂಟರೊಳಗೆ ಬನ್ನಿ, ಇಲ್ಲ ಸಂಜೆ ಹೊಲದಿಂದ ಬಂದ ಮೇಲೆ ಬನ್ನಿ. ರಕ್ತ ತೆಗೆದುಕೊಂಡು ಹೋದರೆ ವರದಿ ಅದೇ ಮನೆಗೆ ಬರಬೇಕು, ಕನ್ನಡದಲ್ಲಿ ಅರ್ಥ ಹೇಳಬೇಕು. ಬಸುರಿ ಹೆಂಗಸಿಗೆ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದೆ ಅಂತ ಬರೆದುಕೊಂಡು ಹೋಗಿ ಸುಮ್ಮನಾಗುವುದು ಅಪರಾಧ ಅಂತಲೇ ನಾನು ಹೇಳುತ್ತೇನೆ. ಆ ದಿನವೇ ಅವಳನ್ನು ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಆಗಬೇಕು. ಕೇಳದೆ ಫೋಟೋ ತೆಗೆಯುವ ಹಾಗಿಲ್ಲ. ಟಿಬಿ ಇರುವ ಮನೆಗೆ ಬಿಳಿ ಕೋಟಿನ ಗುಂಪು ನುಗ್ಗುವ ಹಾಗಿಲ್ಲ. ಇಡೀ ಬೀದಿಗೆ ವಿಷಯ ಗೊತ್ತಾಗಿ ಆ ಮನೆಯ ಹುಡುಗಿಯ ಮದುವೆಯೇ ನಿಲ್ಲಬಹುದು. ಅಲ್ಲಿಗೆ ಒಬ್ಬರೇ, ಕೋಟು ಬಿಚ್ಚಿಟ್ಟು, ನಿಮ್ಮ ಜೊತೆ ಬರಲಿ.

ಇನ್ನೊಂದು ಮಾತು. ನೀವು ಅವರಿಗೆ ದಾರಿ ತೋರಿಸುವವರು ಮಾತ್ರ ಅಲ್ಲ, ಪಾಠ ಹೇಳುವವರು. ತಿಂಗಳ 9ನೇ ತಾರೀಕು ಬಸುರಿಯರ ತಪಾಸಣೆ ಇರುತ್ತಲ್ಲ, ಅವತ್ತು ಆ ಮಕ್ಕಳನ್ನು ಬರಹೇಳಿ. ತಾಯಿ ಕಾರ್ಡ್ ಅವರ ಕೈಗೆ ಕೊಟ್ಟು ‘ಓದಿ, ಇವರಿಗೆ ಏನು ಬಾಕಿ ಇದೆ ಹೇಳಿ’ ಅನ್ನಿ. ತೂಕ ಅವರೇ ನೋಡಲಿ, ಬಿಪಿ ಅವರೇ ನೋಡಲಿ, ಬರದಿದ್ದವರ ಮನೆಗೆ ಅವರೇ ನಡೆದು ಹೋಗಿ ಕರೆದು ತರಲಿ. ನಿಮ್ಮ ಕೆಲಸದಲ್ಲಿ ಅವರು ಹೆಗಲು ಕೊಟ್ಟರೆ ಜನ ಬೈಯುವುದು ನಿಲ್ಲುತ್ತೆ. ಕಾಲೇಜಿನವರು ಈ ಅಂಕಣ ಓದುತ್ತಿದ್ದರೆ ದಯವಿಟ್ಟು ಕೇಳಿಸಿಕೊಳ್ಳಿ: ಆಶಾ ಕಾರ್ಯಕರ್ತೆಯ ಒಂದು ದಿನದ ದುಡಿಮೆ ನಿಮ್ಮ ಮಕ್ಕಳಿಗಾಗಿ ಹೋಗುತ್ತಿದೆ. ಅದಕ್ಕೊಂದು ಗೌರವಧನ ಇಡಿ.

ಪ್ರಶ್ನೆ: ಮೇಡಂ, ವಾರ್ಡಿನಲ್ಲಿ ನಮಗೆ ಏನೂ ಮುಟ್ಟೋಕೆ ಬಿಡುವುದಿಲ್ಲ. ತಾಲ್ಲೂಕು ಆಸ್ಪತ್ರೆಗೆ ಹೋದರೆ ಹೊಲಿಗೆ, ಇಂಜೆಕ್ಷನ್ ಎಲ್ಲ ಕೈಯಾರೆ ಮಾಡಬಹುದಂತೆ. ನಿಜವಾ?
– ವಿದ್ಯಾರ್ಥಿ, ಶಿರಾ

ಉತ್ತರ: ಅರ್ಧ ನಿಜ. ಜನ ಕಡಿಮೆ ಇರುವ ಕಡೆ ಕೈಗೆ ಕೆಲಸ ಸಿಗುತ್ತೆ. ಆದರೆ ಹಳ್ಳಿಯವರ ಮೈ ನಿನ್ನ ಅಭ್ಯಾಸಕ್ಕೆ ಇಟ್ಟ ಜಾಗ ಅಲ್ಲ. ಮೊದಲು ಕಾಲೇಜಿನ ಸ್ಕಿಲ್ ಲ್ಯಾಬಿನಲ್ಲಿ ಗೊಂಬೆಯ ಮೇಲೆ ಕಲಿ. ಆಮೇಲೆ ಡಾಕ್ಟರ್ ಪಕ್ಕದಲ್ಲಿ ನಿಂತಿರುವಾಗ, ರೋಗಿಗೆ ‘ನಾನು ವಿದ್ಯಾರ್ಥಿ, ಮಾಡಲಾ?’ ಅಂತ ಕೇಳಿ ಮಾಡು. ಬೇಡ ಅಂದರೆ ಬಿಡು. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿರಲಿ. ಸೂಜಿ ಚುಚ್ಚಿಕೊಂಡರೆ ಬೆರಳು ಹಿಂಡಬೇಡ, ಸೋಪು ನೀರಿನಲ್ಲಿ ತೊಳೆದು ತಕ್ಷಣ ಹೇಳು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಆದಷ್ಟು ಬೇಗ, 72 ಗಂಟೆ ದಾಟುವ ಮೊದಲು ಶುರುವಾಗಬೇಕು.

ನಿನಗೆ ಕೈಯಾರೆ ಮಾಡುವ ಒಂದು ಕೆಲಸ ಹೇಳುತ್ತೇನೆ. ಮಳೆಗಾಲದ ರಾತ್ರಿ ‘ಹುಳ ಮುಟ್ಟಿದೆ’ ಅಂತ ಕರೆತರುತ್ತಾರೆ. ಕಚ್ಚಿದ್ದು ಯಾವ ಹಾವು, ವಿಷ ಏರಿದೆಯಾ, ಯಾರಿಗೂ ಗೊತ್ತಿರುವುದಿಲ್ಲ. ಆಗ ಒಂದು ಗಾಜಿನ ಕೊಳವೆ ಬೇಕು. ಹೊಸದು, ಒಣಗಿದ್ದು. ಸೋಪಿನಲ್ಲಿ ತೊಳೆದದ್ದು ಆಗದು, ಪ್ಲಾಸ್ಟಿಕ್ ಆಗದು. ಎರಡು ಮಿಲಿ ರಕ್ತ ಹಾಕಿ, ಗೋಡೆ ಗಡಿಯಾರ ನೋಡಿ ಸಮಯ ಬರೆದು, 20 ನಿಮಿಷ ಮುಟ್ಟದೆ, ಅಲ್ಲಾಡಿಸದೆ ನಿಲ್ಲಿಸಬೇಕು. ಆಮೇಲೆ ಒಂದೇ ಸಲ ಓರೆ ಮಾಡಿ ನೋಡಬೇಕು. ಗಟ್ಟಿ ಆಗದೆ ಹರಿದರೆ ರಕ್ತ ಹೆಪ್ಪುಗಟ್ಟುತ್ತಿಲ್ಲ ಅಂತ ಅರ್ಥ. ಮಂಡಲದ ಹಾವು, ಉರಿಮಂಡಲದ ವಿಷ ಹೀಗೆ ಮಾಡುತ್ತೆ. ಪ್ರತಿವಿಷ ಶುರು ಮಾಡಬೇಕು. ಹತ್ತು ನಿಮಿಷಕ್ಕೇ ಆತುರಪಟ್ಟು ಅಲ್ಲಾಡಿಸಿದರೆ ಫಲಿತಾಂಶ ಕೆಡುತ್ತೆ. ಗಟ್ಟಿಯಾದರೂ ಕೈಬಿಡುವ ಹಾಗಿಲ್ಲ, ಮತ್ತೆ ಮತ್ತೆ ನೋಡಬೇಕು. ನಾಗರ, ಕಟ್ಟುಹಾವಿನ ವಿಷ ನರಕ್ಕೆ ಹೋಗುತ್ತೆ, ಅದು ಈ ಕೊಳವೆಯಲ್ಲಿ ಕಾಣುವುದಿಲ್ಲ. ಹಾಗಾಗಿ ಆ 20 ನಿಮಿಷವೂ ರೋಗಿಯ ಪಕ್ಕದಲ್ಲೇ ಕೂತು ರೆಪ್ಪೆ ಜೋಲುತ್ತಿದೆಯಾ, ಮಾತು ತೊದಲುತ್ತಿದೆಯಾ, ಉಸಿರು ಹೇಗಿದೆ ನೋಡುತ್ತಿರಬೇಕು. ಒಬ್ಬ ವಿದ್ಯಾರ್ಥಿ ಇದನ್ನು ಶ್ರದ್ಧೆಯಿಂದ ಮಾಡಿದರೆ ರಾತ್ರಿ ಪಾಳಿಯ ಡಾಕ್ಟರಿಗೆ ಎಷ್ಟು ಧೈರ್ಯ ಗೊತ್ತಾ! ಹಾವು ಕಡಿತವನ್ನು 2024ರ ಫೆಬ್ರವರಿಯಿಂದ ನಮ್ಮ ರಾಜ್ಯದಲ್ಲಿ ಸರ್ಕಾರಕ್ಕೆ ವರದಿ ಮಾಡಲೇಬೇಕು. ಆ ಫಾರಂ ತುಂಬುವುದನ್ನೂ ಕಲಿತುಕೋ.

ಪ್ರಶ್ನೆ: ಒಂದು ಖಾಸಗಿ ಆಸ್ಪತ್ರೆಯವರು ದುಡ್ಡು ಕಟ್ಟಿದರೆ ಇಲೆಕ್ಟಿವ್ ಸರ್ಟಿಫಿಕೇಟ್ ಕೊಡುತ್ತೇವೆ, ದಿನಾ ಬರಬೇಕಾಗಿಲ್ಲ ಅಂತಾರೆ. ತೆಗೆದುಕೊಳ್ಳಲಾ?
– ಹೆಸರು ಬೇಡ, ತುಮಕೂರು

ಉತ್ತರ: ಬೇಡ. ನಿನ್ನ ಕಾಲೇಜು ಒಪ್ಪದ ಜಾಗದ ಸರ್ಟಿಫಿಕೇಟ್ ಲಾಗ್‌ಬುಕ್ಕಿಗೆ ಆಗುವುದಿಲ್ಲ. ಒಪ್ಪಿದರೂ ಬೇಡ. ಆ ಕಾಗದದಲ್ಲಿ ನೀನು ನೋಡದ ರೋಗಿಯನ್ನು ನೋಡಿದ್ದೇನೆ ಅಂತ ಬರೆದಿರುತ್ತೆ.

ಪ್ರಶ್ನೆ: ನಾನು ರಾಜಸ್ಥಾನದವನು, ತುಮಕೂರಿನಲ್ಲಿ ಓದುತ್ತಿದ್ದೇನೆ. ಈ ಪತ್ರವನ್ನು ರೂಮ್‌ಮೇಟ್ ಬರೆದುಕೊಟ್ಟಿದ್ದಾನೆ. ಹಳ್ಳಿಗೆ ಹೋಗುವ ಆಸೆ ಇದೆ. ಕನ್ನಡ ಸ್ವಲ್ಪವೇ ಬರುತ್ತೆ. ಹೋಗಬಹುದಾ?
– ವಿದ್ಯಾರ್ಥಿ, ತುಮಕೂರು

ಉತ್ತರ: ಖಂಡಿತ ಹೋಗಪ್ಪ. ರೂಮ್‌ಮೇಟ್ ಇದನ್ನೂ ಓದಿ ಹೇಳಲಿ. ಪಾವಗಡದ ಕಡೆ ಮಾತ್ರ ಈಗ ಬೇಡ, ಅಲ್ಲಿ ತೆಲುಗು ಜಾಸ್ತಿ, ಎರಡು ಭಾಷೆ ಒಟ್ಟಿಗೆ ಭಾರವಾಗುತ್ತೆ. ಕುಣಿಗಲ್ಲೋ ತುರುವೇಕೆರೆಯೋ ನೋಡು. ಮೊದಲ ಎರಡು ಮೂರು ದಿನ ಡಾಕ್ಟರ ಕೋಣೆಯಲ್ಲಿ ಕೂರಬೇಡ. ಔಷಧಿ ಕೊಡುವ ಕಿಟಕಿಯ ಒಳಗೆ ಫಾರ್ಮಸಿಸ್ಟ್ ಪಕ್ಕ ನಿಲ್ಲು. ‘ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ ಮೇಲೆ’ ಅನ್ನುವುದು ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತೆ. ಜನ ತಿರುಗಿ ಏನು ಕೇಳುತ್ತಾರೆ ಅನ್ನುವುದೂ ಬೀಳುತ್ತೆ. ಆಮೇಲೆ ಓಪಿಡಿಗೆ ಬಂದು ‘ಎಷ್ಟು ದಿನದಿಂದ?’, ‘ಎಲ್ಲಿ ನೋವು, ಕೈ ಇಟ್ಟು ತೋರಿಸಿ’, ‘ಊಟ ಸೇರುತ್ತಾ?’, ‘ಹಿಂದೆ ಎಲ್ಲಿ ತೋರಿಸಿದ್ರಿ?’ ಅಂತ ಕೇಳೋಕೆ ಶುರು ಮಾಡು. ತಪ್ಪಿದರೆ ಅಜ್ಜಿಯರೇ ತಿದ್ದುತ್ತಾರೆ. ಒಂದು ಕಟ್ಟುನಿಟ್ಟು: ಅವರು ಹೇಳಿದ್ದು ಅರ್ಥವಾಗದಿದ್ದರೆ ತಲೆಯಾಡಿಸಬೇಡ. ನರ್ಸ್ ಅಕ್ಕನನ್ನು ಕರೆದು ಕೇಳಿಸಿಕೊಂಡು ಆಮೇಲೆ ಚೀಟಿಯಲ್ಲಿ ಬರೆ.